ತೊಳೆದ ಒಂಬತ್ತು ಕಲ್ಲುಗಳು

ದೆಹಲಿಗೆ ಬಂದ ನಾಲ್ಕನೆಯ ತಿಂಗಳಿನಲ್ಲಿ, ಹಗಲು ಹನ್ನೊಂದು ಗಂಟೆಯ ಹೊತ್ತಿಗೆ, ವಿದ್ಯಾವಂತೆಯಾದ ಒಬ್ಬ ಹೆಣ್ಣುಮಗಳು ನಾಲ್ಕು ಜನರ ಎದುರಿಗೆ ಕಲ್ಲೊಂದನ್ನು ಎತ್ತಿ ನಾಲಗೆಯಿಂದ ನೆಕ್ಕಿದ್ದನ್ನು ನಾನು ಕಣ್ಣಾರೆ ಕಂಡೆ. ನೆಕ್ಕಿದವರು ಅದನ್ನು ಸೆರಗಿನಲ್ಲಿ ಒರೆಸಿ ನನ್ನ ಮೊಮ್ಮಗಳು ಮೇಧಾಳ ಕೈಗೆ ಕೊಟ್ಟರು. ಅವಳು ನನ್ನ ಕಡೆಗೆ ಚಾಚಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಅಜ್ಜಾ, ಪಕಡೋ ನಾ! ಕಚ್ಚೋದಿಲ್ಲ ಅದು."

"ಎಂಜಲು ಕಣಮ್ಮಾ," ಎಂದೆ ಮೆಲ್ಲಗೆ.

"ಎಂಜಲು ಮತ್ಲಬ್?"

ಹನ್ನೆರಡು ವರ್ಷದ ಮಗು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. 'ಎಂಜಲು ಎಂದರೆ ಏನು' ಎಂದು ಅವಳು ಹಿಂದಿಯಲ್ಲಿ ಕೇಳಿದರೆ ಯಾವ ಭಾಷೆಯಲ್ಲಿ ಉತ್ತರ ಹೇಳಬೇಕೋ ನನಗೆ ಹೊಳೆಯಲಿಲ್ಲ. ನಮ್ಮ ಕಡೆ ಇದು ಯಾರೂ ಕಲಿಸದೆ ಬರುವ ತಿಳಿವಳಿಕೆ. ಬಾಯಿಗೆ ತಾಗಿದ್ದನ್ನು ಇನ್ನೊಬ್ಬರಿಗೆ ಕೊಡಬಾರದು ಎಂಬುದನ್ನು ವಿವರಿಸಬೇಕಾದೀತೆಂದು ಅರವತ್ತೆಂಟು ವರ್ಷಗಳಲ್ಲಿ ನಾನು ಒಮ್ಮೆಯೂ ಎಣಿಸಿರಲಿಲ್ಲ.

ಹಿರಿಯೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು ನಾನು. ಪತ್ನಿಯ ವರ್ಷಾಬ್ದಿಕ ಮುಗಿದ ಮೇಲೆ, ಮಗಳು ಸುಧಾಳ ಒತ್ತಾಯಕ್ಕೆ, ಒಂದು ವರ್ಷದ ಮಟ್ಟಿಗೆಂದು ಮಾಘದ ಚಳಿಯಲ್ಲಿ ಇಲ್ಲಿಗೆ ಬಂದೆ. ಅವಳು ಕೇಂದ್ರ ಸರ್ಕಾರದ ಮಂತ್ರಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಅಳಿಯಂದಿರಿಗೆ ಭುವನೇಶ್ವರಕ್ಕೆ ವರ್ಗವಾಗಿತ್ತು. ಪೀತಮ್‌ಪುರದ ಮೂರನೆಯ ಮಹಡಿಯ ಮನೆಯಲ್ಲಿ ನಾವು ಮೂವರು. ಊರಿನಲ್ಲಿ ಮನೆಯ ಬಾಗಿಲು ಬೆಳಗ್ಗೆ ತೆರೆದರೆ ಮಲಗುವಾಗ ಮುಚ್ಚುವುದು. ಇಲ್ಲಿ ಮರದ ಬಾಗಿಲು, ಅದರ ಮುಂದೆ ಕಬ್ಬಿಣದ ಜಾಲರಿಯ ಇನ್ನೊಂದು ಬಾಗಿಲು. ನೆರೆಯವರ ಮುಖವನ್ನು ಮೊದಲ ಒಂದು ತಿಂಗಳು ನಾನು ಚೌಕ ಚೌಕವಾಗಿಯೇ ಕಂಡದ್ದು.

ಇಲ್ಲಿನ ಸಣ್ಣ ಸಂಗತಿಗಳೂ ನನ್ನನ್ನು ಗೊಂದಲಕ್ಕೆ ಕೆಡವಿದವು. ಗಾಡಿಯಲ್ಲಿ ತರಕಾರಿ ಮಾರುವವನನ್ನು 'ಭಯ್ಯಾ', ಅಂದರೆ ಅಣ್ಣ, ಎಂದು ಕರೆಯಬೇಕು. ಅವನು ನನಗಿಂತ ನಲವತ್ತು ವರ್ಷ ಚಿಕ್ಕವನು. ತರಕಾರಿ ಕೊಂಡ ಮೇಲೆ ಒಂದು ಹಿಡಿ ಕೊತ್ತಂಬರಿಯನ್ನು ಅವನು ಹಾಗೆಯೇ ಕೊಡುತ್ತಾನೆ, ಕೊಡದಿದ್ದರೆ ಕೇಳಿ ಪಡೆಯಬೇಕು. ಬೆಲೆ ಕೊಡದೆ ಪಡೆದದ್ದು ದಾನವಾಗುತ್ತದೆ. ದಾನ ಪಡೆಯಲು ಒಂದು ವಿಧಿಯಿದೆ. ಬೀದಿಯಲ್ಲಿ ನಿಂತು ಯಾವ ವಿಧಿ ನಡೆಸಲಿ? ಎರಡು ವಾರ ಕೊತ್ತಂಬರಿ ಇಲ್ಲದ ಸಾರನ್ನೇ ಉಂಡೆವು. ಕೊನೆಗೆ ಒಂದು ದಿನ ಮನಸ್ಸಿನಲ್ಲೇ ಅವನಿಗೆ ಆಶೀರ್ವಾದ ಮಾಡಿ, "ಭಯ್ಯಾ, ಧನಿಯಾ" ಎಂದು ಕೈಯೊಡ್ಡಿದೆ. ಮನೆಗೆ ಬಂದಾಗ ಸುಧಾ ನಕ್ಕಳು: "ಅಪ್ಪಾ, ನೀವೀಗ ಪಕ್ಕಾ ದಿಲ್ಲಿಯವರು."

ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ನಿತ್ಯದ ಸಂಕಲ್ಪ. ಪೂಜೆಗೆ ಕುಳಿತವನು ತಾನು ಯಾವ ಕಾಲದಲ್ಲಿ, ಯಾವ ನದಿಯ ಯಾವ ದಿಕ್ಕಿನಲ್ಲಿ ಕುಳಿತಿದ್ದೇನೆಂದು ದೇವರಿಗೆ ನಿವೇದಿಸಿಕೊಳ್ಳಬೇಕಷ್ಟೆ. ಊರಿನಲ್ಲಿ ಗೋದಾವರಿಯ ದಕ್ಷಿಣ ತೀರವೆಂದು ಹೇಳಿ ರೂಢಿ. ಪೀತಮ್‌ಪುರದಲ್ಲಿ ಕುಳಿತ ಮೇಲೂ ನಾಲಗೆ ಅದನ್ನೇ ಹೇಳುತ್ತಿತ್ತು. ನಲವತ್ತು ದಿನಗಳ ಮೇಲೆ ಎಚ್ಚರವಾಯಿತು. ಅಲ್ಲಿಯವರೆಗೆ ನಾನು ಸಲ್ಲಿಸಿದ ಪೂಜೆ ಯಾವ ವಿಳಾಸಕ್ಕೆ ಸಂದಿತೋ ಪರಮಾತ್ಮನೇ ಬಲ್ಲ.

ಕಲ್ಲು ನೆಕ್ಕಿದ ಪ್ರಸಂಗಕ್ಕೆ ಬರುತ್ತೇನೆ. ಇಲ್ಲಿನ ಶಾಲೆಗಳು ಬೇಸಿಗೆ ರಜೆಗೂ ಹೋಂವರ್ಕ್ ಕೊಡುತ್ತವೆ. ಮೇಧಾ ಐದು ಬಗೆಯ ಶಿಲೆಗಳನ್ನು ನೋಡಿ ಬರೆದುಕೊಂಡು ಬರಬೇಕಿತ್ತು. ಆಗಷ್ಟೇ ನೆಲದಡಿಯ ಮೆಟ್ರೋ ರೈಲು ವಿಶ್ವವಿದ್ಯಾಲಯದವರೆಗೆ ಓಡತೊಡಗಿತ್ತು. ಆ ಕಡೆಯ ಹಳೆಯ ಕಟ್ಟಡವೊಂದರಲ್ಲಿ ಭೂವಿಜ್ಞಾನದ ಸಂಗ್ರಹಾಲಯವಿದೆಯೆಂದು ತಿಳಿದು ಅವಳನ್ನು ಕರೆದೊಯ್ದೆ. ಎತ್ತರದ ಮಾಡು, ದಪ್ಪ ಗೋಡೆ, ಗಾಜಿನ ಪೆಟ್ಟಿಗೆಗಳೊಳಗೆ ಕಲ್ಲುಗಳು. ನಾವಿಬ್ಬರು, ಇನ್ನೊಬ್ಬ ನೋಡುಗ, ಒಬ್ಬ ಕಾವಲುಗಾರ, ಮತ್ತು ಸಂಗ್ರಹಾಲಯವನ್ನು ನೋಡಿಕೊಳ್ಳುವ ನೀಲಿಮಾ ಜೀ. ನೆಕ್ಕಿದವರು ಅವರೇ. ಒದ್ದೆಯಾದರೆ ಕಲ್ಲಿನ ಬಣ್ಣ ತಿಳಿಯುತ್ತದೆ, ಕೆಲವು ಕಲ್ಲುಗಳ ಗುರುತು ರುಚಿಯಿಂದಲೇ ಸಿಗುತ್ತದೆ, ಇದು ತಮ್ಮ ವಿದ್ಯೆಯ ಪದ್ಧತಿ ಎಂದು ಅವರು ನಗುತ್ತಾ ಹೇಳಿದರು. ಪದ್ಧತಿ ಎಂಬ ಮಾತನ್ನು ಕೇಳಿದ ಮೇಲೆ ನಾನು ಎದುರಾಡಲಿಲ್ಲ. ನನ್ನ ಪದ್ಧತಿಗಳನ್ನೂ ಹಲವರು ಹೀಗೆಯೇ ಬೆರಗಾಗಿ ನೋಡುತ್ತಾರೆ.

ಹೊರಡುವಾಗ ಅವರು ಒಂದು ಕಾಗದ ಕೊಟ್ಟರು. ಸಂಗ್ರಹಾಲಯಕ್ಕೆ 'ಮಿತ್ರ ಮಂಡಲಿ' ಎಂಬ ಬೆಂಬಲಿಗರ ಬಳಗವಿದೆ, ಎಂಟು ಜನರಿದ್ದಾರೆ, ಸೇರುವಿರಾ ಎಂದು ಕೇಳಿದರು. ದೇವಸ್ಥಾನಕ್ಕೆ ಸೇವಾ ಸಮಿತಿ ಇರುವುದನ್ನು ಬಲ್ಲೆ. ಕಲ್ಲುಗಳಿಗೆ ಮಿತ್ರರು ಏಕೆ ಬೇಕು? ಆ ಮಿತ್ರರು ಮಾಡುವ ಕೆಲಸವೇನು? ರೈಲಿನಲ್ಲಿ ಕುಳಿತು ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಬೆಳಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮುನ್ನ ಭೂದೇವಿಯ ಕ್ಷಮೆ ಕೇಳುವುದು ಬಾಲ್ಯದಿಂದ ನನಗೆ ಬಂದ ಅಭ್ಯಾಸ. ಯಾರ ಕ್ಷಮೆಯನ್ನು ಇಷ್ಟು ವರ್ಷ ಕೇಳಿದೆನೋ ಆ ತಾಯಿಯ ಒಡಲೊಳಗಿನದನ್ನು ಆ ಗಾಜಿನ ಪೆಟ್ಟಿಗೆಗಳಲ್ಲಿ ಮೊದಲ ಸಲ ಕಂಡಿದ್ದೆ. ಇನ್ನೊಂದು ಕಾರಣವನ್ನೂ ಮುಚ್ಚಿಡಬಾರದು: ಈ ನಗರದಲ್ಲಿ ಯಾರೂ ನನ್ನನ್ನು "ಚಲೋ, ಚಲೋ" ಎಂದು ಅವಸರಪಡಿಸದ ಸ್ಥಳ ಅದೊಂದೇ ಆಗಿತ್ತು. ಆಷಾಢದಲ್ಲಿ ಸೇರಿದೆ.

ತಿಂಗಳ ಮೊದಲ ಶನಿವಾರ ಮಂಡಲಿಯ ಸಭೆ. ಸಭೆಯೆಂದರೆ ಚಹಾ, ಸಮೋಸಾ ಮತ್ತು ಖನ್ನಾ ಸಾಹೇಬರ ಮಾತು. ಅವರು ನಿವೃತ್ತ ಭೂವಿಜ್ಞಾನಿ, ಮಂಡಲಿಯ ಕಾರ್ಯದರ್ಶಿ, ಗಟ್ಟಿ ದನಿಯ ಪಂಜಾಬಿ. ಅವರ ಹಿಂದಿಯನ್ನು ನನಗೆ ಅರ್ಥವಾದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅರೇ ಪಂಡಿತ್‌ಜೀ, ಸಮೋಸಾ ನಿಮಗೇನು ಪಾಪ ಮಾಡಿದೆ?"

"ಪರಾನ್ನ ನನಗೆ ವರ್ಜ್ಯ," ಎಂದೆ. ನನ್ನ ಹಿಂದಿಯಲ್ಲಿ ಮುಕ್ಕಾಲು ಭಾಗ ಸಂಸ್ಕೃತವೇ.

"ಏನಂದರು?"

"ಬೇರೆಯವರು ಬೇಯಿಸಿದ್ದನ್ನು ತಿನ್ನುವುದಿಲ್ಲವಂತೆ," ಎಂದು ನೀಲಿಮಾ ಜೀ ಬಿಡಿಸಿ ಹೇಳಿದರು.

"ಹಾಗಾದರೆ ಕಲ್ಲುಗಳ ಸಹವಾಸವೇ ನಿಮಗೆ ಸರಿ. ಇವನ್ನು ಬೇಯಿಸಿದವಳು ಭೂಮಿ ತಾಯಿ. ಅವಳು ಪರಕೀಯಳಲ್ಲ, ಅಲ್ಲವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅದು ಹಾಸ್ಯವೋ ಶಾಸ್ತ್ರವಾಕ್ಯವೋ ಎಂದು ಇಂದಿಗೂ ನಿರ್ಧರಿಸಲಾರೆ. ಅಂದಿನಿಂದ ಚಹಾದ ತಟ್ಟೆಯಲ್ಲಿ ನನಗೆಂದು ಒಂದು ಬಾಳೆಹಣ್ಣು ಇರತೊಡಗಿತು. ತಂದಿಡುತ್ತಿದ್ದವರು ಖನ್ನಾ ಸಾಹೇಬರೇ.

ಕಾರ್ತಿಕದಲ್ಲಿ ಕೆಟ್ಟ ಸುದ್ದಿ ಬಂತು. ಸಂಗ್ರಹಾಲಯದ ಹಾಲ್ ಅನ್ನು ತೆರವು ಮಾಡಿಸಿ ಅಲ್ಲಿ ಕಂಪ್ಯೂಟರುಗಳನ್ನು ಕೂರಿಸಬೇಕೆಂದು ಆಡಳಿತದವರು ಆಲೋಚಿಸಿದ್ದರು. ಮೊದಲು ಒಬ್ಬ ಅಧಿಕಾರಿ ಬಂದು ರಿಜಿಸ್ಟರಿನಲ್ಲಿರುವ ಪ್ರತಿಯೊಂದು ಕಲ್ಲನ್ನೂ ಹಾಲ್‌ನಲ್ಲಿರುವ ಕಲ್ಲಿನೊಂದಿಗೆ ತಾಳೆ ನೋಡುವುದೆಂದಾಯಿತು. ಎಲ್ಲವೂ ಸರಿಯಾಗಿದ್ದು, ಶಾಲೆಯ ಮಕ್ಕಳು ಬರುತ್ತಿರುವುದು ಕಂಡರೆ ಹಾಲ್ ಉಳಿದೀತು ಎಂಬುದು ನೀಲಿಮಾ ಜೀ ಅವರ ಆಸೆ. ಅದಕ್ಕಾಗಿ ಶನಿವಾರಗಳಂದು ಶಾಲೆಗಳನ್ನು ಕರೆಸಿದರು. ಮಕ್ಕಳ ಕೈಗೆ ಕಲ್ಲುಗಳನ್ನು ಕೊಟ್ಟು ಮುಟ್ಟಿಸುವ ಕೆಲಸ ನನಗೆ ಬಂತು.

ಮೊದಲ ಶನಿವಾರ ನಾನು ಎರಡು ಗಂಟೆ ಮುಂಚಿತವಾಗಿ ಹೋದೆ. ನೀಲಿಮಾ ಜೀ ಇನ್ನೂ ಬಂದಿರಲಿಲ್ಲ. ಮೇಜಿನ ಮೇಲೆ ಟ್ರೇಯಲ್ಲಿ ಒಂಬತ್ತು ಕಲ್ಲುಗಳಿದ್ದವು. ಹಿಂದಿನ ದಿನ ಅವನ್ನು ಆರಿಸುವಾಗ ಅವರೂ ಖನ್ನಾ ಸಾಹೇಬರೂ ಎಷ್ಟು ಸಲ ನೆಕ್ಕಿದ್ದರೋ! ಪರರ ಮಕ್ಕಳ ಕೈಗೆ ಎಂಜಲನ್ನು ಇಡುವುದೆಂತು? ಮೇಲಾಗಿ ಪ್ರತಿಯೊಂದು ಕಲ್ಲಿನ ಮೂಲೆಯಲ್ಲೂ ಉಗುರಿನಷ್ಟು ಬಿಳಿಯ ಮಚ್ಚೆಯಿತ್ತು. ಆ ಹಾಲ್‌ನ ಗವಾಕ್ಷಿಗಳ ತುಂಬ ಪಾರಿವಾಳಗಳು. ನನ್ನ ಕಣ್ಣುಗಳಿಗೆ ಪೊರೆ ಬಂದು ಆಗಲೇ ವರ್ಷವಾಗಿತ್ತು. ಹಿಕ್ಕೆಯೆಂದೇ ತಿಳಿದೆ.

ಕಾವಲುಗಾರನನ್ನು ಕರೆದು, "ಭ್ರಾತಾ, ಸ್ವಚ್ಛ ಜಲ ಕಹಾಂ ಪ್ರಾಪ್ತ ಹೋಗಾ?" ಎಂದು ಕೇಳಿದೆ.

"ಬಾಬಾಜೀ, ನೀವು ಟೀವಿಯ ದೇವಲೋಕದಿಂದ ಇಳಿದು ಬಂದ ಹಾಗೆ ಮಾತಾಡ್ತೀರಿ," ಎಂದು ನಕ್ಕು ಹಿತ್ತಲಿನ ನಲ್ಲಿ ತೋರಿಸಿದ.

ದೇವರ ಪಾತ್ರೆಗಳಿಗೆಂದು ಮನೆಯಲ್ಲಿ ನೆನೆಹಾಕಿದ್ದ ಹುಣಸೆಹಣ್ಣನ್ನು ಡಬ್ಬಿಯಲ್ಲಿ ತಂದಿದ್ದೆ, ತೆಂಗಿನ ನಾರನ್ನೂ ತಂದಿದ್ದೆ. ಒಂದೊಂದನ್ನೂ ತಿಕ್ಕಿ, ಮೂರು ಸಲ ನೀರು ಹುಯ್ದು, ಶುದ್ಧವಸ್ತ್ರದಲ್ಲಿ ಒರೆಸಿ, ಬಿಸಿಲಿಗೆ ಸಾಲಾಗಿ ಇಟ್ಟೆ. ಈ ನಗರದಲ್ಲಿ ನನ್ನ ಕೈಯಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದು ಇಂದೇ ಎಂದು ಮನಸ್ಸು ತುಂಬಿ ಬಂತು.

ನೀಲಿಮಾ ಜೀ ಬಂದರು. ಕಲ್ಲುಗಳನ್ನು ನೋಡಿದರು. ಒಂದನ್ನು ಎತ್ತಿ ತಿರುಗಿಸಿದರು, ಇನ್ನೊಂದನ್ನು ತಿರುಗಿಸಿದರು. ಮುಖದ ಬಣ್ಣ ಇಳಿಯಿತು.

"ನಂಬರ್ ಎಲ್ಲಿ, ಪಂಡಿತ್‌ಜೀ?"

"ಯಾವ ನಂಬರ್?"

ಬಿಳಿಯ ಮಚ್ಚೆ ಹಿಕ್ಕೆಯಲ್ಲ. ಕಲ್ಲಿನ ಮೇಲೆ ಬಿಳಿಯ ಬಣ್ಣ ಬಳಿದು, ಅದರ ಮೇಲೆ ಕಪ್ಪು ಶಾಯಿಯಲ್ಲಿ ಸಣ್ಣದಾಗಿ ಸಂಖ್ಯೆ ಬರೆಯುತ್ತಾರೆ. ಆ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ನೋಡಿದರೆ ಕಲ್ಲು ಯಾವ ಊರಿನದು, ತಂದವರು ಯಾರು ಎಂಬುದು ತಿಳಿಯುತ್ತದೆ. ಸಂಖ್ಯೆ ಅಳಿದರೆ ಅದು ಬರಿಯ ಕಲ್ಲು. ನಾನು ಒಂಬತ್ತು ಕಲ್ಲುಗಳ ಗೋತ್ರಪ್ರವರವನ್ನು ಹುಣಸೆಹಣ್ಣು ಹಾಕಿ ತೊಳೆದಿದ್ದೆ. ತಾಳೆ ನೋಡುವ ಅಧಿಕಾರಿ ಬರಲು ಐದು ದಿನಗಳಿದ್ದವು.

ಅವರು ಬೈಯಲಿಲ್ಲ. ಬೈದಿದ್ದರೆ ಒಂದು ದಾರಿ ಇರುತ್ತಿತ್ತು. "ನೀವು ಕುಳಿತುಕೊಳ್ಳಿ," ಎಂದು ಕುರ್ಚಿ ಎಳೆದರು. ಅಂದು ಬಂದ ಮಕ್ಕಳ ಕೈಗೆ ನಾನೇ ಆ ಶುದ್ಧವಾದ ಕಲ್ಲುಗಳನ್ನು ಕೊಟ್ಟೆ. ಇದು ಯಾವ ಊರಿನದು ಎಂದು ಒಬ್ಬ ಹುಡುಗಿ ಕೇಳಿದಾಗ ಅವಳ ಕೈಗೆ ಇನ್ನೊಂದು ಕಲ್ಲನ್ನಿಟ್ಟೆ.

ಭಾನುವಾರ ಖನ್ನಾ ಸಾಹೇಬರು ಬಂದರು. ರಿಜಿಸ್ಟರಿನ ವಿವರಣೆಗಳನ್ನು ಓದುತ್ತ, ಕಲ್ಲುಗಳನ್ನು ತೂಗುತ್ತ, ಗೀರುತ್ತ, ನಿಸ್ಸಂಕೋಚವಾಗಿ ನೆಕ್ಕುತ್ತ, ಸಂಜೆಯ ಹೊತ್ತಿಗೆ ಏಳನ್ನು ಗುರುತಿಸಿಬಿಟ್ಟರು. ನೀಲಿಮಾ ಜೀ ಹೊಸದಾಗಿ ಬಣ್ಣ ಬಳಿದು ಸಂಖ್ಯೆ ಬರೆದರು. ಉಳಿದವು ಎರಡು. ಎರಡೂ ಕರಿಹಸಿರು, ಎರಡೂ ಮುಷ್ಟಿಯಷ್ಟು. ರಿಜಿಸ್ಟರಿನ ಪ್ರಕಾರ ಒಂದು ದೇಶದ ಪೂರ್ವ ಭಾಗದ ಸಿಂಗ್‌ಭೂಮಿಯದು. ಇನ್ನೊಂದು ಚಿತ್ರದುರ್ಗ ಜಿಲ್ಲೆಯದು, ಅಂದರೆ ನನ್ನ ನೆಲದ್ದು. ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಿಳಿಯುತ್ತಿತ್ತೇನೋ. ಸೀಳುವ ಯಂತ್ರ ಕೆಟ್ಟು ವರ್ಷಗಳಾಗಿದ್ದವು.

ಖನ್ನಾ ಸಾಹೇಬರು ಎರಡನ್ನೂ ನನ್ನ ಮುಂದಿಟ್ಟರು. "ಪಂಡಿತ್‌ಜೀ, ನಿಮ್ಮ ಊರಿನ ಕಲ್ಲು. ನೀವೇ ಹೇಳಿ. ನೀವು ತೋರಿಸಿದ್ದಕ್ಕೆ ಆ ನಂಬರ್ ಬರೆಯೋಣ. ಮುಗಿಯಿತು."

ಒಂದನ್ನು ಕೈಗೆತ್ತಿಕೊಂಡೆ. ಊರ ಹೊರಗಿನ ಗುಡ್ಡದ ಮೇಲೆ ಬರಿಗಾಲಿನಲ್ಲಿ ನಡೆದ ಬಾಲ್ಯ ನೆನಪಾಯಿತು. ಇದೇ ಎನ್ನಿಸಿತು. ಇನ್ನೊಂದನ್ನು ಎತ್ತಿಕೊಂಡೆ. ಅದೂ ಇದೇ ಎನ್ನಿಸಿತು. ಅರವತ್ತೆಂಟು ವರ್ಷ ತುಳಿದ ನೆಲದ ಕಲ್ಲನ್ನು, ನಾನು ಎಂದೂ ಕಾಣದ ಸೀಮೆಯ ಕಲ್ಲಿನಿಂದ ಬೇರ್ಪಡಿಸಲಾರದೆ ಹೋದೆನಲ್ಲ ಎಂದು ನಾಚಿಕೆಯಾಯಿತು.

"ತಿಳಿಯದು," ಎಂದೆ.

"ಯಾವುದಾದರೂ ಒಂದು ಹೇಳಿ. ಬರುವ ಸಾಹೇಬರಿಗೆ ಇದ್ದಿಲಿಗೂ ಬೆಲ್ಲಕ್ಕೂ ವ್ಯತ್ಯಾಸ ಗೊತ್ತಿಲ್ಲ. ಯಾರು ಕೇಳುತ್ತಾರೆ?"

ನೀಲಿಮಾ ಜೀ ಅವರ ಬೆರಳುಗಳ ನಡುವೆ ಕುಂಚವಿತ್ತು. ನಾನು ಒಂದರ ಮೇಲೆ ಕೈಯಿಟ್ಟರೆ ಸಾಕಿತ್ತು, ಅವರ ಹಾಲ್ ಉಳಿಯುವಂತಿತ್ತು. ಆದರೆ ಕಣ್ಣು ಹೇಳುತ್ತಿಲ್ಲ, ಊಹೆಗೆ ಆಧಾರವಿಲ್ಲ. ಹಿಂದೆ ಬರೆದಿಟ್ಟ ಬಲ್ಲವರ ಮಾತೊಂದು ಇತ್ತು, ಅದನ್ನು ನಾನೇ ಅಳಿಸಿದ್ದೆ. ಪ್ರಮಾಣವಿಲ್ಲದ್ದನ್ನು ಪ್ರಮಾಣವೆಂದು ಬರೆಸಿ, ನಾಳೆ ಮಕ್ಕಳ ಕೈಗೆ ಹೇಗೆ ಕೊಡಲಿ? ಎಂಜಲನ್ನು ಕೊಡಬಾರದೆಂದು ತೊಳೆದವನು ಸುಳ್ಳನ್ನು ಕೊಡುವುದೆ?

"ಕ್ಷಮಿಸಬೇಕು," ಎಂದೆ. "ನಾನು ಮಾಡಿದ್ದನ್ನು ಬರೆದುಕೊಡುತ್ತೇನೆ. ಎರಡನ್ನೂ ಗುರುತಿಲ್ಲದವು ಎಂದೇ ಇಡಿ."

ನೀಲಿಮಾ ಜೀ ಕುಂಚವನ್ನು ನೀರಿನ ಲೋಟದಲ್ಲಿ ಅದ್ದಿ ಪಕ್ಕಕ್ಕಿಟ್ಟರು. ಖನ್ನಾ ಸಾಹೇಬರು ಹಣೆ ಚಚ್ಚಿಕೊಂಡರು.

ಮನೆಯಲ್ಲಿ ಸುಧಾ ಇದನ್ನು ಕೇಳಿ ಕುಕ್ಕರನ್ನು ಅರ್ಧಕ್ಕೇ ಆರಿಸಿ ಬಂದಳು. "ಬರೆದುಕೊಡ್ತೀರಾ? ಅಪ್ಪಾ, ಇದು ದಿಲ್ಲಿ. ಇಲ್ಲಿ ಬಾಯಲ್ಲಿ ಏನು ಬೇಕಾದರೂ ಹೇಳಬಹುದು. ಬರಹದಲ್ಲಿ ಯಾರೂ ತಪ್ಪು ಒಪ್ಪಿಕೊಳ್ಳೋಲ್ಲ. ಪಾಪ, ಆ ನೀಲಿಮಾ ಅವರ ಗತಿ ಏನಾಗಬೇಕು?"

"ಅದೇ ನನಗೂ ತಿಳಿಯುತ್ತಿಲ್ಲ, ಮಗು," ಎಂದೆ. ನಿಜವಾಗಿಯೂ ತಿಳಿದಿರಲಿಲ್ಲ. ಅವರ ಪಾಲಿಗೆ ನಾನು ಮಿತ್ರನಾದೆನೋ, ಮಿತ್ರನ ವೇಷದಲ್ಲಿ ಬಂದ ವಿಪತ್ತಾದೆನೋ? ಎರಡು ದಿನ ಕುಳಿತು ದೇವನಾಗರಿಯಲ್ಲಿ ಒಂದು ಪುಟ ಬರೆದೆ. ಅದನ್ನು ಓದಿದ ಮೇಧಾ, "ಅಜ್ಜಾ, ಇದು ಹಿಂದೀನಾ? ನಮ್ಮ ಹಿಂದಿ ಮೇಡಮ್‌ಗೂ ಅರ್ಥ ಆಗೋಲ್ಲ," ಎಂದಳು.

ಗುರುವಾರ ಅಧಿಕಾರಿ ಬಂದರು. ಕಂದು ಬಣ್ಣದ ಸ್ವೆಟರ್, ಕೈಯಲ್ಲಿ ಕೆಂಪು ಪೆನ್ಸಿಲ್. ಮೂರು ಗಂಟೆಗಳ ಕಾಲ ಒಂದೊಂದಕ್ಕೂ ಗುರುತು ಹಾಕುತ್ತ ಬಂದವರು ಕೊನೆಯ ಟ್ರೇಯ ಮುಂದೆ ನಿಂತರು. ನನ್ನ ಪುಟವನ್ನು ಓದಿದರು, ಮತ್ತೆ ಓದಿದರು.

"ತೊಳೆದವರು ಯಾರು?"

"ನಾನು," ಎಂದು ಮುಂದೆ ಬಂದೆ.

"ಯಾಕೆ?"

ಹೇಳಿದೆ. ಅವರು ನನ್ನನ್ನೂ, ನೀಲಿಮಾ ಜೀ ಅವರನ್ನೂ, ಕಲ್ಲುಗಳನ್ನೂ ಬಹಳ ಹೊತ್ತು ನೋಡಿದರು. "ಅಚ್ಛಾ," ಎಂದರು. ಆಮೇಲೆ ರಿಜಿಸ್ಟರಿನಲ್ಲಿ ನಿಧಾನವಾಗಿ ಬರೆದು ಗಟ್ಟಿಯಾಗಿ ಓದಿದರು: ಈ ಎರಡು ಸಂಖ್ಯೆಗಳ ಕಲ್ಲುಗಳು ಸಿಕ್ಕಿರುವುದಿಲ್ಲ, ಸಂಖ್ಯೆಯಿಲ್ಲದ ಎರಡು ಕಲ್ಲುಗಳು ಹೆಚ್ಚುವರಿಯಾಗಿ ಸಿಕ್ಕಿವೆ.

"ಸ್ವಾಮೀ, ಕಾಣೆಯಾದವೂ ಇವೇ, ಹೆಚ್ಚಾದವೂ ಇವೇ," ಎಂದೆ.

"ಅದು ನಿಮಗೆ ಗೊತ್ತು, ನನಗೂ ಗೊತ್ತು. ರಿಜಿಸ್ಟರಿಗೆ ಗೊತ್ತಿಲ್ಲ."

ಕಣ್ಣೆದುರಿಗೆ ಮೇಜಿನ ಮೇಲಿದ್ದ ಎರಡು ಕಲ್ಲುಗಳು ಹೀಗೆ ಒಂದೇ ಕಾಲದಲ್ಲಿ ಇಲ್ಲದವೂ ಆದವು, ಅಗತ್ಯಕ್ಕಿಂತ ಹೆಚ್ಚಾಗಿ ಇರುವವೂ ಆದವು. ನಾನು ಓದಿದ ತರ್ಕದಲ್ಲಿ ಇದಕ್ಕೆ ಸ್ಥಾನವಿಲ್ಲ.

ಎರಡು ವಾರಗಳ ಮೇಲೆ ಆದೇಶ ಬಂತು. ತಾಳೆಯಾಗದ ವಸ್ತುಗಳ ಬಗ್ಗೆ ಮೇಲಿನವರಿಂದ ಸ್ಪಷ್ಟೀಕರಣ ಬರುವವರೆಗೆ ಸಂಗ್ರಹಾಲಯದ ಯಾವ ವಸ್ತುವನ್ನೂ ಸ್ಥಳದಿಂದ ಕದಲಿಸಬಾರದು. ಹೇಳಿಕೆ ಕೊಟ್ಟ ಸದಸ್ಯರು ವಿಚಾರಣೆಗೆ ಲಭ್ಯರಿರಬೇಕು.

ಸುಧಾ ಅದನ್ನು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಪ್ಪಾ, ಗೊತ್ತಾಯ್ತಾ? ಕಲ್ಲು ಕದಲಿಸದೆ ಹಾಲ್ ಖಾಲಿ ಮಾಡೋಕಾಗೋಲ್ಲ. ಫೈಲು ಮೇಲೆ ಹೋಗಿದೆ ಅಂದ್ರೆ ಸದ್ಯಕ್ಕೆ ಕೆಳಗೆ ಬರೋಲ್ಲ. ನಾನು ಇಪ್ಪತ್ತು ವರ್ಷದಿಂದ ಫೈಲು ನೋಡ್ತಿದ್ದೀನಿ. ನೀವು ಹಾಲ್ ಉಳಿಸಿಬಿಟ್ರಿ."

ಉಳಿಸಿದವನು ನಾನೋ, ಹುಣಸೆಹಣ್ಣೋ, ಕೆಂಪು ಪೆನ್ಸಿಲ್ಲೋ? ಒಂದು ಕಲ್ಲಿನ ಮೇಲೆ ಸುಮ್ಮನೆ ಕೈಯಿಟ್ಟಿದ್ದರೆ ಎಲ್ಲವೂ ತಾಳೆಯಾಗಿ, ಕಲ್ಲುಗಳನ್ನು ಸಾಗಿಸಲು ಅಡ್ಡಿಯಿಲ್ಲದೆ ಹಾಲ್ ಹೋಗಿಬಿಡುತ್ತಿತ್ತೋ ಏನೋ. ಮುಂದಿನ ಸಭೆಯಲ್ಲಿ ಖನ್ನಾ ಸಾಹೇಬರು ನನ್ನ ಬೆನ್ನು ತಟ್ಟಿ, "ಪಂಡಿತ್‌ಜೀ, ಉಳಿದ ಕಲ್ಲುಗಳನ್ನೂ ಒಮ್ಮೆ ತೊಳೆದುಬಿಡಿ," ಎಂದರು. ನೀಲಿಮಾ ಜೀ ನಗಲಿಲ್ಲ. ನನ್ನ ಕೈಗೆ ಬಣ್ಣದ ಡಬ್ಬಿ ಕೊಟ್ಟು, ಮಾಸಿದ ಸಂಖ್ಯೆಗಳ ಮೇಲೆ ಹೊಸದಾಗಿ ಬರೆಯುವುದನ್ನು ಕಲಿಸಿದರು. ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಈಗ ಶನಿವಾರಗಳಂದು ನನ್ನದು ಅದೇ ಕೆಲಸ. ಅಕ್ಷರ ದುಂಡಗಿದೆಯೆಂದು ಹೇಳುತ್ತಾರೆ.

ಒಂದು ವರ್ಷ ಮುಗಿಯಿತು. ಹಿರಿಯೂರಿನ ಮನೆಯಲ್ಲಿರುವ ನನ್ನ ತಮ್ಮ ರಾಘವೇಂದ್ರ ಫೋನು ಮಾಡಿದ.

"ಅಣ್ಣಯ್ಯ, ಒಂದು ವರ್ಷ ಅಂದಿದ್ರಿ. ಟಿಕೆಟ್ ಮಾಡಿಸ್ಲಾ?"

"ವಿಚಾರಣೆ ಮುಗಿಯುವವರೆಗೆ ನಾನು ಇಲ್ಲೇ ಇರಬೇಕಂತಪ್ಪಾ."

"ಕಲ್ಲು ತೊಳೆದಿದ್ದಕ್ಕೆ ಕೇಸಾ! ನಮ್ಮ ವಂಶದಲ್ಲಿ ಯಾರಿಗೂ ಆಗಿರಲಿಲ್ವಲ್ಲ!"

"ಕೇಸಲ್ಲ, ಸ್ಪಷ್ಟೀಕರಣ."

ಅವನಿಗೆ ಸಮಾಧಾನವಾಗಲಿಲ್ಲ. ಮರುವಾರ ಮತ್ತೆ ಫೋನು ಮಾಡಿ, ಫೈಲು ಬೇಗ ಮುಗಿದು ಅಣ್ಣಯ್ಯ ಊರು ಸೇರಲಿ ಎಂದು ಮನೆದೇವರಿಗೆ ಹರಕೆ ಹೊತ್ತಿದ್ದೇನೆ, ದಿನವೂ ತುಪ್ಪದ ದೀಪ ಹಚ್ಚುತ್ತಿದ್ದೇನೆ, ನೀವೂ ಅಲ್ಲಿಂದ ಪ್ರಾರ್ಥಿಸಿ ಎಂದ. ಅವನ ದನಿಯಲ್ಲಿ ಅಳುವಿತ್ತು. ಆಗಲಿ ಎಂದೆ. ಊರನ್ನು ನಾನು ಬಯಸದ ದಿನವಿಲ್ಲ. ಇಲ್ಲಿನ ನೀರು ನನಗಿನ್ನೂ ರುಚಿಸಿಲ್ಲ, ಕನ್ನಡದಲ್ಲಿ ಒಂದು ಶ್ಲೋಕದ ಅರ್ಥ ಹೇಳೋಣವೆಂದರೆ ಕೇಳುವವರಿಲ್ಲ.

ಬೆಳಗ್ಗೆ ಪೂಜೆಗೆ ಕುಳಿತಾಗ, ತಮ್ಮನ ಹರಕೆ ಫಲಿಸಲಿ ಎಂದು ಒಂದು ತುಳಸೀದಳ ಏರಿಸುವುದು ಹಿರಿಯನಾದ ನನ್ನ ಧರ್ಮ. ದಳವನ್ನು ಎತ್ತಿಕೊಳ್ಳುತ್ತೇನೆ. ಫೈಲು ಮುಗಿದ ದಿನ ನಾನು ರೈಲು ಹತ್ತಬೇಕು, ಅದೇ ದಿನ ನೀಲಿಮಾ ಜೀ ಹಾಲ್‌ನ ಬೀಗದ ಕೈ ಒಪ್ಪಿಸಬೇಕು. ಆ ಊರಿನಲ್ಲಿ ಅವನು ದೀಪ ಹಚ್ಚಿ ಕುಳಿತಿರುವುದೂ, ಈ ಊರಿನಲ್ಲಿ ನಾನು ದಳ ಹಿಡಿದು ಕುಳಿತಿರುವುದೂ ಒಬ್ಬನೇ ದೇವರ ಮುಂದೆ. ಸ್ವಲ್ಪ ಹೊತ್ತು ಕೈ ಅಲ್ಲೇ ನಿಲ್ಲುತ್ತದೆ. ಆಮೇಲೆ ದಳವನ್ನು ಏರಿಸುತ್ತೇನೆ. ಏನನ್ನು ಬೇಡಿದೆನೆಂದು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.